ಇಪ್ಪತ್ತೇಳಕ್ಕೇ ಡಿಸ್ಕ್ ಸವೆದಿದೆಯಾ? ಸೊಂಟದ ಜೊತೆ ಬಾಳೋದು ಹೀಗೆ

ಎಂಆರ್‌ಐ ರಿಪೋರ್ಟ್ ಕೈಗೆ ಬಂದಾಗ ನನಗೆ 27. ‘ಎಲ್4-ಎಲ್5, ಎಲ್5-ಎಸ್1: ಡಿಸ್ಕ್ ಡೆಸಿಕೇಶನ್, ಡಿಜೆನರೇಟಿವ್ ಬದಲಾವಣೆ’ ಅಂತ ಬರೆದಿತ್ತು. ಸ್ಕ್ಯಾನಿಂಗ್ ಸೆಂಟರಿನ ಮೆಟ್ಟಿಲ ಮೇಲೇ ಕೂತು ಮೊಬೈಲಿನಲ್ಲಿ ಹುಡುಕಿದೆ. ಹತ್ತೇ ನಿಮಿಷದಲ್ಲಿ ನನ್ನನ್ನು ನಾನೇ ವೀಲ್‌ಚೇರಿನಲ್ಲಿ ಕೂರಿಸಿಕೊಂಡಾಗಿತ್ತು. ಮೊದಲು ನೋಡಿದ ಡಾಕ್ಟರು ‘ಬಗ್ಗಬೇಡಿ, ಬೈಕ್ ಬಿಡಿ, ಬೆಲ್ಟ್ ಹಾಕಿ’ ಅಂತ ಮೂರು ಮಾತಿನಲ್ಲಿ ಮುಗಿಸಿದರು. ಸರಿ, ಬದುಕೋದು ಹೇಗೆ? ಅದನ್ನು ಹೇಳಿಕೊಟ್ಟಿದ್ದು ಫಿಸಿಯೋಥೆರಪಿಸ್ಟ್ ಒಬ್ಬರು, ಮತ್ತೆ ಆರು ವರ್ಷದ ಸೊಂಟ ನೋವು.

1. ರಿಪೋರ್ಟ್ ಓದಿ ಹೆದರಬೇಡಿ

ಬೆನ್ನುಮೂಳೆಗಳ ನಡುವೆ ಇರುವ ಮೆತ್ತೆಯೇ ಡಿಸ್ಕ್. ಒಳಗೆ ತಾಟಿನುಂಗಿನ ತಿರುಳಿನಂಥ ಲೋಳೆ, ಸುತ್ತಲೂ ಈರುಳ್ಳಿಯ ಹಾಗೆ ಪದರ ಪದರವಾದ ಗಟ್ಟಿ ಬಳೆ. ಲೋಳೆಯಲ್ಲಿ ಇರೋದು ಹೆಚ್ಚಿನ ಪಾಲು ನೀರು. ಆ ನೀರು ಕಮ್ಮಿಯಾದರೆ ಸ್ಕ್ಯಾನಿನಲ್ಲಿ ಡಿಸ್ಕ್ ಕಪ್ಪಗೆ ಕಾಣುತ್ತದೆ. ಡೆಸಿಕೇಶನ್ ಅಂದರೆ ಅಷ್ಟೇ, ಒಣಗಿದೆ ಅಂತ. ಡಿಜೆನರೇಟಿವ್ ಅಂದರೆ ಸವೆತ. ಸೊಂಟದಲ್ಲಿ ಹೆಚ್ಚು ಭಾರ ಬೀಳೋದು ಕೆಳಗಿನ ಎರಡು ಡಿಸ್ಕ್ ಮೇಲೆ, ಸವೆಯೋದೂ ಜಾಸ್ತಿ ಅವೇ. ರಿಪೋರ್ಟಿನ ಎಲ್4-ಎಲ್5, ಎಲ್5-ಎಸ್1 ಅಂದರೆ ಇವೇ ಎರಡು.

2015ರಲ್ಲಿ ಒಂದು ದೊಡ್ಡ ಪರಿಶೀಲನೆ ಪ್ರಕಟವಾಯಿತು. ಬೆನ್ನು ನೋವೇ ಇಲ್ಲದ 3110 ಜನರ ಸ್ಕ್ಯಾನ್‌ಗಳ ಲೆಕ್ಕ ಅದು. ಇಪ್ಪತ್ತರ ವಯಸ್ಸಿನವರಲ್ಲೇ ಶೇ 37 ಮಂದಿಗೆ ಡಿಸ್ಕ್ ಸವೆದಿತ್ತು. ಐವತ್ತರ ಹೊತ್ತಿಗೆ ಶೇ 80. ಇವರೆಲ್ಲ ಆರಾಮಾಗಿ ಓಡಾಡಿಕೊಂಡಿದ್ದವರು! ಅಂದರೆ ಸ್ಕ್ಯಾನಿನಲ್ಲಿ ಕಂಡಿದ್ದೆಲ್ಲ ನೋವಲ್ಲ. ಹಾಗಂತ ನಿಮ್ಮ ನೋವು ಸುಳ್ಳೂ ಅಲ್ಲ. ರಿಪೋರ್ಟನ್ನು ಫೈಲಿಗೆ ಹಾಕಿ. ಯಾವ ಕೆಲಸ ಮಾಡಿದರೆ ನೋವು ಏರುತ್ತದೆ, ಯಾವುದರಿಂದ ಇಳಿಯುತ್ತದೆ ಅಂತ ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ಡಾಕ್ಟರಿಗೆ ಜಾಸ್ತಿ ಉಪಯೋಗಕ್ಕೆ ಬರೋದು ಆ ಪುಸ್ತಕವೇ.

ಇನ್ನೊಂದು ಮಾತು. ‘ಜಿಮ್ಮಿಗೆ ಹೋಗಿ ಹಾಳು ಮಾಡಿಕೊಂಡೆ’ ಅಂತ ಮನೆಯಲ್ಲಿ ಬಯ್ಯುತ್ತಾರೆ ಅಲ್ವಾ? ಫಿನ್ಲೆಂಡಿನ ಅವಳಿ ಸಹೋದರರನ್ನು ಇಟ್ಟುಕೊಂಡು ನಡೆಸಿದ ಅಧ್ಯಯನಗಳಲ್ಲಿ, ಡಿಸ್ಕ್ ಸವೆಯೋದಕ್ಕೆ ಕೆಲಸದ ಭಾರಕ್ಕಿಂತ ವಂಶವಾಹಿಯ ಪಾಲೇ ದೊಡ್ಡದು ಅಂತ ಕಂಡುಬಂತು. ಬಯ್ಯುವ ಅಪ್ಪನಿಗೂ ಸೊಂಟ ನೋವಿದೆಯಾ, ಒಮ್ಮೆ ಕೇಳಿ.

2. ಕಾಯಬಾರದ ಲಕ್ಷಣಗಳು

ಇದನ್ನು ಮಾತ್ರ ತಮಾಷೆಯಿಲ್ಲದೆ ಓದಿ. ತೊಡೆಯ ಸಂದಿ, ಗುದದ ಸುತ್ತ ಜೋಮು ಹಿಡಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಮಲ-ಮೂತ್ರ ಹಿಡಿತಕ್ಕೆ ಸಿಗದಿದ್ದರೆ, ನಡೆಯುವಾಗ ಪಾದ ಎತ್ತಲಾಗದೆ ಚಪ್ಪಲಿ ನೆಲಕ್ಕೆ ಎಳೆಯುತ್ತಿದ್ದರೆ, ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರದ ಜೊತೆ ಬೆನ್ನು ನೋವು, ಕಾರಣವಿಲ್ಲದೆ ತೂಕ ಇಳಿಯೋದು, ಮಲಗಿದರೂ ಬಿಡದ ರಾತ್ರಿ ನೋವು, ಇವನ್ನೂ ಡಾಕ್ಟರು ಬೇಗ ನೋಡಬೇಕು.

3. ಬೆಳಗಿನ ಮೊದಲ ಗಂಟೆ ಕಾಪಾಡಿಕೊಳ್ಳಿ

ನನಗೆ ಎಲ್ಲಕ್ಕಿಂತ ಜಾಸ್ತಿ ಉಪಕಾರ ಮಾಡಿದ್ದು ಇದೊಂದೇ. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬುತ್ತವೆ. ಬೆಳಿಗ್ಗೆ ನಾವು ರಾತ್ರಿಗಿಂತ ಒಂದರಿಂದ ಎರಡು ಸೆಂಟಿಮೀಟರ್ ಹೆಚ್ಚು ಎತ್ತರ ಇರುತ್ತೇವೆ, ನಿಜವಾಗಿಯೂ! ಬೇಕಿದ್ದರೆ ಬಾಗಿಲ ಚೌಕಟ್ಟಿನ ಹತ್ತಿರ ನಿಂತು ಪೆನ್ಸಿಲ್ ಗುರುತು ಹಾಕಿ ನೋಡಿ. ಹೀಗೆ ಉಬ್ಬಿ ಬಿಗಿಯಾಗಿರುವ ಹೊತ್ತಿನಲ್ಲಿ ಬಗ್ಗಿದರೆ ಡಿಸ್ಕ್‌ಗೆ ಬೀಳುವ ಒತ್ತಡ ಜಾಸ್ತಿ. ಬೆಳಗಿನ ಹೊತ್ತು ಬಗ್ಗೋದನ್ನು ತಪ್ಪಿಸಿದವರ ನೋವು ಕಮ್ಮಿಯಾಗಿದ್ದು ಅಮೆರಿಕದಲ್ಲಿ 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದಾಖಲಾಗಿದೆ.

ಆದರೆ ನಮ್ಮ ಮನೆಗಳಲ್ಲಿ ಬಗ್ಗುವ ಕೆಲಸವೆಲ್ಲ ಇರೋದೇ ಬೆಳಿಗ್ಗೆ. ಅಂಗಳ ಗುಡಿಸಬೇಕು, ನೀರು ಹಾಕಬೇಕು, ರಂಗೋಲಿ ಬಿಡಬೇಕು. ಆದಷ್ಟು ಇವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿ. ರಂಗೋಲಿ ತಡವಾಗಬಾರದು ಅಂದರೆ ಮನೆಯಲ್ಲಿ ಬೇರೆ ಯಾರಾದರೂ ಬಿಡಲಿ. ಏಳುವಾಗ ನೆಟ್ಟಗೆ ಎದ್ದು ಕೂರಬೇಡಿ. ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈಯೂರಿ ಏಳಿ. ಹಲ್ಲುಜ್ಜುವಾಗ ಒಂದು ಕೈ ಸಿಂಕಿನ ಮೇಲಿರಲಿ. ಬಕೆಟ್ಟಿನಿಂದ ಚೊಂಬಿನಲ್ಲಿ ಮೊಗೆದು ಸ್ನಾನ ಮಾಡುವವರು ಬಕೆಟ್ಟನ್ನು ಸ್ಟೂಲಿನ ಮೇಲೆ ಇಟ್ಟುಕೊಳ್ಳಿ. ಎದ್ದ ಕೂಡಲೇ ಸೂರ್ಯನಮಸ್ಕಾರ ಮಾಡುವ ಅಭ್ಯಾಸವಿದ್ದರೆ ಅದನ್ನು ಸಂಜೆಗೆ ಹಾಕಿಕೊಳ್ಳಿ.

4. ಕೂರೋದು, ಓಡಾಡೋದು

ದೊಡ್ಡವರ ಡಿಸ್ಕ್‌ನ ಒಳಭಾಗಕ್ಕೆ ರಕ್ತನಾಳವೇ ಇಲ್ಲ. ಸುತ್ತಲಿನಿಂದ ಇಂಗಿ ಬರೋದೇ ಅದಕ್ಕೆ ಪೋಷಣೆ, ಸ್ಪಂಜಿನ ಹಾಗೆ ಒತ್ತಿ ಬಿಡೋದು ಅದಕ್ಕೆ ಒಂದಿಷ್ಟು ನೆರವು. ಅದಕ್ಕೇ ಎಷ್ಟು ದುಬಾರಿ ಕುರ್ಚಿಯಾದರೂ ಒಂದೇ ಭಂಗಿಯಲ್ಲಿ ಮೂರು ಗಂಟೆ ಕೂತರೆ ದಂಡ. ಅರ್ಧ ಗಂಟೆಗೊಮ್ಮೆ ಏಳಿ. ಫೋನ್ ಬಂದರೆ ನಡೆದಾಡುತ್ತಾ ಮಾತಾಡಿ. ದೊಡ್ಡ ನೀರಿನ ಬಾಟಲ್ ಬದಲು ಚಿಕ್ಕ ಲೋಟ ಇಟ್ಟುಕೊಳ್ಳಿ, ತುಂಬಿಸೋಕಾದರೂ ಏಳಲೇಬೇಕು. ಸಿಗರೇಟ್ ಸೇದಲು ಏಳೋದು ಲೆಕ್ಕಕ್ಕಿಲ್ಲ, ಡಿಸ್ಕ್‌ಗೆ ಸಿಗುವ ಅಷ್ಟಿಷ್ಟು ಪೋಷಣೆಯನ್ನೂ ಅದು ಕಿತ್ತುಕೊಳ್ಳುತ್ತದೆ.

ಬಸ್ಸಿನಲ್ಲಿ ಹಿಂದಿನ ಚಕ್ರದಿಂದಾಚೆಗಿನ ಸೀಟು ಬೇಡ, ಹಂಪ್ ಸಿಕ್ಕಿದರೆ ಎತ್ತಿ ಹಾಕುತ್ತದೆ. ನಡುವೆ ಕೂರಿ. ಬೈಕ್ ನಾನು ಬಿಟ್ಟಿಲ್ಲ. ಗುಂಡಿ ಕಂಡಾಗ ವೇಗ ಇಳಿಸಿ, ಕಾಲಿನ ಮೇಲೆ ಭಾರ ಹಾಕಿ ಸೀಟಿನಿಂದ ಒಂದಿಷ್ಟು ಮೇಲೇಳುತ್ತೇನೆ. ಲ್ಯಾಪ್‌ಟಾಪ್ ಬ್ಯಾಗ್ ಬೆನ್ನಿಗಿಲ್ಲ, ಟ್ಯಾಂಕಿನ ಮೇಲೆ.

5. ವಾಟರ್ ಕ್ಯಾನ್ ಎಂಬ ಶತ್ರು

20 ಲೀಟರಿನ ಕ್ಯಾನ್ ಅಂದರೆ 20 ಕಿಲೋ. ಅದನ್ನು ಬಗ್ಗಿ, ತಿರುಗಿಸಿ, ಎತ್ತಿ ಡಿಸ್ಪೆನ್ಸರಿನ ಮೇಲೆ ಬೋರಲು ಹಾಕಬೇಕು. ಸೊಂಟಕ್ಕೆ ಆಗದ ಮೂರೂ ಕೆಲಸ ಒಂದೇ ಏಟಿಗೆ! ನನ್ನ ಸೊಂಟ ಮೊದಲು ಹಿಡಿದುಕೊಂಡಿದ್ದು ಹೀಗೇ. ಈಗ ಕ್ಯಾನ್ ನೆಲದ ಮೇಲೇ ಇರುತ್ತದೆ, ಬಾಯಿಗೆ ಚಾರ್ಜ್ ಮಾಡುವ ಚಿಕ್ಕ ಪಂಪ್ ಸಿಕ್ಕಿಸಿದ್ದೇನೆ. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ. ತಂದವರ ಕೈಯಲ್ಲೇ ಒಲೆಯ ಹತ್ತಿರ ಇಡಿಸಿಕೊಳ್ಳಿ, ನಾಚಿಕೆ ಬೇಡ.

ಹಾಗಂತ ಜೀವಮಾನವಿಡೀ ಏನನ್ನೂ ಎತ್ತಬಾರದು ಅನ್ನೋದೂ ತಪ್ಪು. ವಸ್ತುವನ್ನು ಮೈಗೆ ಹತ್ತಿರ ತಂದುಕೊಳ್ಳಿ, ಮಂಡಿ ಮತ್ತು ಚಪ್ಪೆಯಿಂದ ಮಡಚಿ, ತಿರುಗಬೇಕಾದರೆ ಪಾದ ತಿರುಗಿಸಿ. ಅಕ್ಕಿ ಚೀಲವನ್ನು ಐದು ಕಿಲೋದಿಂದ ಶುರು ಮಾಡಿ.

6. ವ್ಯಾಯಾಮ, ಬೆನ್ನ ಮೇಲೆ ಲೋಟ

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನುಮೂಳೆಯ ಬಗ್ಗೆ ಸಂಶೋಧನೆ ಮಾಡಿದ ಸ್ಟುವರ್ಟ್ ಮೆಕ್‌ಗಿಲ್ ಸೊಂಟಕ್ಕೆಂದು ಮೂರು ವ್ಯಾಯಾಮ ಆಯ್ದಿದ್ದಾರೆ. ಮೊದಲನೆಯದು, ಒಂದು ಮಂಡಿ ಮಡಚಿ ಮಲಗಿ, ಅಂಗೈ ಸೊಂಟದ ಕೆಳಗಿಟ್ಟು, ತಲೆ-ಭುಜ ಮಾತ್ರ ತುಸು ಎತ್ತೋದು. ಎರಡನೆಯದು, ಪಕ್ಕಕ್ಕೆ ಮಲಗಿ ಮೊಣಕೈ-ಮಂಡಿ ಊರಿ ಸೊಂಟ ಎತ್ತೋದು. ಮೂರನೆಯದು, ಅಂಬೆಗಾಲಿನ ಭಂಗಿಯಲ್ಲಿ ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ, ಆಮೇಲೆ ಅದಲು ಬದಲು. ಪ್ರತಿ ಸಲ ಹತ್ತು ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡಿ. ನನ್ನ ಫಿಸಿಯೋ ಮೂರನೆಯದಕ್ಕೆ ನನ್ನ ಸೊಂಟದ ಮೇಲೆ ಅರ್ಧ ನೀರಿದ್ದ ಸ್ಟೀಲ್ ಲೋಟ ಇಟ್ಟರು. ಮೊದಲ ದಿನ ಕಾಲು ಎತ್ತಿದ್ದೇ ತಡ, ಲೋಟ ಉರುಳಿ ಅಂಗಿಯೆಲ್ಲ ಒದ್ದೆ. ಲೋಟ ಅಲುಗದೆ ನಿಲ್ಲೋಕೆ ಐದು ವಾರ ಹಿಡಿಯಿತು. ಜೊತೆಗೆ ದಿನಾ ನಡಿಗೆ ಇರಲಿ. ಹತ್ತು ನಿಮಿಷದಂತೆ ಮೂರು ಸಲ ನಡೆದರೂ ಆಯಿತು.

ಇನ್ನು ಬೆಲ್ಟ್. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ, ದೀರ್ಘಕಾಲದ ಸೊಂಟ ನೋವಿಗೆ ಬೆಲ್ಟೂ ಬೇಡ, ಟ್ರ್ಯಾಕ್ಷನ್ನೂ (ಸೊಂಟವನ್ನು ಎಳೆದು ಕೊಡುವ ಚಿಕಿತ್ಸೆ) ಬೇಡ ಅನ್ನುತ್ತದೆ. ಹಾಸಿಗೆ ಕಲ್ಲಿನಂತಿರಬೇಕು ಅನ್ನೋದೂ ಹಳೇ ನಂಬಿಕೆ. 2003ರಲ್ಲಿ ಸ್ಪೇನಿನಲ್ಲಿ 313 ಜನರ ಮೇಲೆ ಪರೀಕ್ಷಿಸಿದಾಗ ಗೆದ್ದಿದ್ದು ಮಧ್ಯಮ ಗಟ್ಟಿಯ ಹಾಸಿಗೆ.

7. ಸೊಂಟ ಹಿಡಿದುಕೊಂಡ ದಿನ

ಹಿಡಿದುಕೊಂಡೇ ಕೊಳ್ಳುತ್ತದೆ, ವರ್ಷಕ್ಕೊಂದೆರಡು ಸಲ. ಅಂಗಾತ ಮಲಗಿ, ಕಾಲನ್ನು ಕುರ್ಚಿಯ ಮೇಲಿಡಿ. ಬಿಸಿನೀರಿನ ಬ್ಯಾಗ್ ಇಡಿ. ಆದರೆ ಎರಡು ದಿನಕ್ಕಿಂತ ಜಾಸ್ತಿ ಹಾಸಿಗೆ ಹಿಡಿಯಬೇಡಿ, ಮಲಗಿದಷ್ಟೂ ಏಳೋದು ಕಷ್ಟ. ಗಂಟೆಗೊಮ್ಮೆ ಮನೆಯೊಳಗೇ ನಾಲ್ಕು ಹೆಜ್ಜೆ ಹಾಕಿ. ನೋವಿನ ಮಾತ್ರೆಯನ್ನು ನೀವೇ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ವಾರಗಟ್ಟಲೆ ನುಂಗಬೇಡಿ, ಹೊಟ್ಟೆಗೂ ಕಿಡ್ನಿಗೂ ಪೆಟ್ಟು. ಕಾಲು ಮುಂದಾಗಿ ಹುಟ್ಟಿದವರ ಕೈಲಿ ಒದೆಸಿಕೊಂಡರೆ ಉಳುಕು ಬಿಡುತ್ತದೆ ಅಂತ ಊರಿನಲ್ಲಿ ಹೇಳುತ್ತಾರೆ. ನಮ್ಮ ಚಿಕ್ಕಮ್ಮ ಅಂಥವರೇ. ಪಾದ ಸುಮ್ನೆ ತಾಗಿಸಿದರೆ ಸಾಕು ಚಿಕ್ಕಮ್ಮ ಅಂತ ಕೈ ಮುಗಿದೆ.

8. ಜನರಿಗೆ ಹೇಳೋದು

‘ನೋಡೋಕೆ ಚೆನ್ನಾಗೇ ಇದ್ದೀಯಲ್ಲಪ್ಪಾ’ ಅನ್ನೋದು ನೋವಿಗಿಂತ ಕಿರಿಕಿರಿ. ಆಫೀಸಿನಲ್ಲಿ ಮೊದಲೇ, ಒಂದೇ ವಾಕ್ಯದಲ್ಲಿ ಹೇಳಿಬಿಡಿ: ‘ಸೊಂಟದ ಡಿಸ್ಕ್ ತೊಂದರೆ ಇದೆ, ಮೀಟಿಂಗಿನಲ್ಲಿ ಆಗಾಗ ನಿಂತುಕೊಳ್ಳುತ್ತೇನೆ’. ಮದುವೆ ಮನೆಯಲ್ಲಿ ನೆಲದ ಪಂಕ್ತಿ ಬಿಟ್ಟು ಟೇಬಲ್ಲಿಗೆ ಹೋಗಿ. ಹೋದ ತಿಂಗಳು ಹಾಗೇ ಹಿರಿಯರ ಸಾಲಿನಲ್ಲಿ ಕೂತಿದ್ದೆ. ಪಕ್ಕದ ಅಜ್ಜಿ ಮೇಲಿಂದ ಕೆಳಗೆ ನೋಡಿ, ‘ಏನಪ್ಪಾ, ಈ ವಯಸ್ಸಿಗೇ ಟೇಬಲ್ಲಾ?’ ಅಂದರು. ‘ಎಲ್4-ಎಲ್5 ಅಜ್ಜಿ’ ಅಂದೆ. ‘ನಂದೂ ಅದೇ’ ಅಂತ ಅವರ ಎಲೆಯ ಹೋಳಿಗೆ ಒಂದನ್ನು ನನ್ನ ಎಲೆಗೆ ದಾಟಿಸಿದರು.