ಮಾರುತಿ 800ರ ಆಯಿಲ್ ಲೀಕ್: ಗೇರ್‌ಬಾಕ್ಸ್ ಇಳಿಸದೆ ನಿಲ್ಲಿಸಿದ್ದು

ನನ್ನದು 1997ರ ಮಾರುತಿ 800, ಕಾರ್ಬುರೇಟರ್ ಗಾಡಿ. ಎಂಜಿನ್, ಗೇರ್‌ಬಾಕ್ಸ್ ಸೇರುವ ಜಾಗದಿಂದ ಸುಮಾರು ಎರಡು ವರ್ಷ ಆಯಿಲ್ ತೊಟ್ಟಿಕ್ಕುತ್ತಿತ್ತು. ಹಾಸನದಲ್ಲಿ ತೋರಿಸಿದ ಕಡೆಯಲ್ಲೆಲ್ಲ ಒಂದೇ ಮಾತು: "ಕ್ರ್ಯಾಂಕ್ ಹಿಂದಿನ ಸೀಲ್ ಹೋಗಿದೆ ಸಾರ್, ಗೇರ್‌ಬಾಕ್ಸ್ ಇಳಿಸ್ಲೇಬೇಕು." ಅಂದರೆ ಎಂಜಿನ್‌ನ ಮುಖ್ಯ ಶಾಫ್ಟ್ ಗೇರ್‌ಬಾಕ್ಸ್ ಕಡೆಗೆ ಹೊರಬರುವಲ್ಲಿ ಆಯಿಲ್ ತಡೆಯುವ ರಬ್ಬರ್ ಸೀಲ್. ಏಳೆಂಟು ಸಾವಿರದ ಲೆಕ್ಕ. ಈಗ ಆ ಸೀಲ್ ಮುಟ್ಟದೆಯೇ ಲೀಕ್ ನಿಂತಿದೆ. ಒಂದು ಮಳೆಗಾಲ ಪೂರ್ತಿ ಕಳೆಯಿತು, ಗಾಡಿ ಕೆಳಗೆ ಹಾಸಿದ ರಟ್ಟು ಒಣಗಿಯೇ ಇದೆ. ಆಗಲ್ಲ ಅಂದವರೇ ಬಂದು ಬಗ್ಗಿ ನೋಡಿ ಹೋದರು.

ಅದಕ್ಕೆ ಮುಂಚೆ ಹೋದ ದುಡ್ಡು ಕಡಿಮೆಯೇನಲ್ಲ. ಎಂಜಿನ್ ಮೇಲಿನ ಟ್ಯಾಪೆಟ್ ಕವರ್‌ನ ರಬ್ಬರ್ ಪ್ಯಾಕಿಂಗ್ ಹೊಸದು ಹಾಕಿಸಿದೆ, ಆರು ತಿಂಗಳಿಗೆ ಕಲ್ಲಿನಂತೆ ಗಟ್ಟಿಯಾಯಿತು. ಎಂಜಿನ್ ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿಸಿ, ಸಂದಿ ಮುಚ್ಚುವ ಅನಾಬಾಂಡ್ ಪೇಸ್ಟ್ ಹಚ್ಚಿಸಿದ್ದಕ್ಕೆ ಕೂಲಿಯೇ ಸಾವಿರದ ಮೇಲೆ. ಮಂದವಾದ 20W-50 ಆಯಿಲ್ ಹಾಕಿದರೆ ಬೆಳಗಿನ ಸ್ಟಾರ್ಟಿಂಗ್ ಭಾರವಾಯಿತು, ಲೀಕ್ ಇದ್ದಷ್ಟೇ ಇತ್ತು. ಸೀಲ್ ಉಬ್ಬಿಸುವ ಔಷಧಿ ನಾಲ್ಕುನೂರು ರೂಪಾಯಿ, ಕೆಲವು ವಾರ ತಡೆಯಿತು ಅಷ್ಟೇ. ಎಲ್ಲಾ ಸೇರಿ ಮೂರೂವರೆ ಸಾವಿರ ಹೋಗಿರಬೇಕು.

ದಾರಿ ಸಿಕ್ಕಿದ್ದು ಬ್ರೀದರ್‌ನಿಂದ, ಅಂದರೆ ಎಂಜಿನ್ ಒಳಗಿನ ಗಾಳಿ ಹೊರಗೆ ಹೋಗುವ ಪೈಪಿನಿಂದ. ಎಂಜಿನ್ ಬಿಸಿಯಾದಾಗ ಆಯಿಲ್ ಮುಚ್ಚಳ ತೆಗೆದು, ಆ ಬಾಯಿಗೆ ತೆಳು ಪ್ಲಾಸ್ಟಿಕ್ ಇಟ್ಟು ನೋಡಿದೆ. ಪ್ಲಾಸ್ಟಿಕ್ ಉಬ್ಬಿತು. ಅಂದರೆ ಒಳಗಿನ ಗಾಳಿಗೆ ಹೊರಗೆ ಹೋಗಲು ಜಾಗವಿಲ್ಲ, ಅದು ಸೀಲ್‌ಗಳ ಸಂದಿಯಿಂದ ಆಯಿಲ್ ತಳ್ಳುತ್ತಿದೆ. ಪೈಪ್ ಬಿಚ್ಚಿದರೆ ಒಳಗೆಲ್ಲ ಕಪ್ಪು ಜಿಡ್ಡು. ಆ ಗಾಳಿಯನ್ನು ಹೊರಗೆ ಬಿಡುವ ಪಿಸಿವಿ ವಾಲ್ವ್ ಅಲುಗಾಡಿಸಿದರೆ ಸದ್ದೇ ಇಲ್ಲ, ಅಂದರೆ ಒಳಗೆ ಸಿಕ್ಕಿಕೊಂಡಿದೆ. ವಾಲ್ವ್ ತೊಳೆದೆ, ಪೈಪ್ ಹೊಸದು ಹಾಕಿದೆ. ಲೀಕ್ ಅರ್ಧಕ್ಕೆ ಇಳಿಯಿತು. ಇದನ್ನು ನೋಡದೆ ಸೀಲ್ ಬದಲಾಯಿಸುತ್ತಾ ಹೋದರೆ ಹೊಸ ಸೀಲೂ ಸೋರುತ್ತದೆ.

ಉಳಿದರ್ಧ ಎಲ್ಲಿಂದ? ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ಗೆ ಪ್ಲಾಸ್ಟಿಕ್ ಕಟ್ಟಿ, ಸೀಮೆಎಣ್ಣೆ ಬ್ರಷ್ ಹಾಕಿ ಎಂಜಿನ್ ತೊಳೆದು ಒಣಗಿಸಿದೆ. ಬಿಳಿ ಪುಡಿಯ ಮೇಲೆ ಆಯಿಲ್ ಹರಿದ ಗೆರೆ ಎದ್ದು ಕಾಣಲಿ ಅಂತ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿದೆ. ಊರ ಹೊರಗೆ ಹೋಗುವಷ್ಟರಲ್ಲೇ ಹಾರಿಹೋಯಿತು. ಆಮೇಲೆ ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟ್‌ನಲ್ಲಿ ಕಲಸಿ ಬಳಿದೆ. ಎಂಜಿನ್ ತಣ್ಣಗಿರಬೇಕು, ಬ್ಯಾಟರಿ ವೈರ್ ಬಿಚ್ಚಿರಬೇಕು. ಸ್ಪಿರಿಟ್ ಆರಿದ ಮೇಲೆ ಬಿಳಿ ಪದರ ಗಟ್ಟಿಯಾಗಿ ಕೂರುತ್ತದೆ. ಎಷ್ಟಕ್ಕೆ ಎಷ್ಟು ಅಂತ ಹೇಳಲ್ಲ. ಅದರಲ್ಲಿ ಇನ್ನೊಂದು ವಸ್ತುವೂ ಇದೆ, ಅದು ನನ್ನ ಹತ್ತಿರವೇ ಇರಲಿ.

ಮನೆ ಮುಂದೆ ಐಡಲ್‌ನಲ್ಲಿ ಬಿಟ್ಟರೆ ಒಂದು ಕಲೆಯೂ ಬರಲಿಲ್ಲ. ಲೋಡ್ ಬೇಕು. ಶಿರಾಡಿ ಘಾಟಿ ಇಳಿದು, ಗುಂಡ್ಯದಿಂದ ದೋಣಿಗಲ್‌ಗೆ ಸೆಕೆಂಡ್, ಥರ್ಡ್ ಗೇರಿನಲ್ಲೇ ಹತ್ತಿಸಿದೆ. ಮೇಲೆ ನಿಲ್ಲಿಸಿ ಬಾನೆಟ್ ಎತ್ತಿದರೆ ಉತ್ತರ ಕಣ್ಣೆದುರೇ ಇತ್ತು. ಡಿಸ್ಟ್ರಿಬ್ಯೂಟರ್ ಕೇಸಿನ ಬುಡದಿಂದ ಹೊರಟ ಆಯಿಲ್ ಗೆರೆ ಎಂಜಿನ್ ಮೇಲ್ಭಾಗದ ಹೆಡ್ ಬದಿಯಲ್ಲಿ ಇಳಿದು ನೇರ ಗೇರ್‌ಬಾಕ್ಸ್ ಜಾಯಿಂಟ್ ಸೇರಿತ್ತು! ಈ ಎಂಜಿನ್‌ನಲ್ಲಿ ಡಿಸ್ಟ್ರಿಬ್ಯೂಟರ್ ಇರುವುದೇ ಗೇರ್‌ಬಾಕ್ಸ್ ತುದಿಗೆ, ಹೆಡ್ ಮೇಲೆ. ಅಲ್ಲಿ ಸೋರಿದರೆ ಕೆಳಗಿನಿಂದ ನೋಡುವವರಿಗೆ ಕ್ರ್ಯಾಂಕ್ ಸೀಲ್ ಹೋದಂತೆಯೇ ಕಾಣುತ್ತದೆ ಅಲ್ವಾ?

ಡಿಸ್ಟ್ರಿಬ್ಯೂಟರ್ ಬುಡದ ಓ-ರಿಂಗ್, ಅಂದರೆ ರಬ್ಬರ್ ಬಳೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೂವತ್ತು ರೂಪಾಯಿಗೆ ಸಿಕ್ಕಿತು. ಇಗ್ನಿಷನ್ ಟೈಮಿಂಗ್ ತಪ್ಪದಿರಲಿ ಅಂತ ಗುರುತು ಹಾಕಿ ಡಿಸ್ಟ್ರಿಬ್ಯೂಟರ್ ಬಿಚ್ಚಿದೆ. ಹಳೇ ರಿಂಗ್ ಉಗುರಿಗೆ ತಾಗಿದರೆ ತುಂಡಾಗುತ್ತಿತ್ತು. ಕೇಸ್ ಕೂರುವ ಮುಖ ಚೆನ್ನಾಗಿ ಒರೆಸಿ, ತೆಳ್ಳಗೆ ಅನಾಬಾಂಡ್ ಎಳೆದು ಕೂರಿಸಿದೆ. ಜಾಸ್ತಿ ಹಚ್ಚಿದರೆ ಒಳಕ್ಕೆ ಹಿಂಡಿಕೊಳ್ಳುತ್ತದೆ.

ಸುಮ್ನೆ ಕುತೂಹಲಕ್ಕೆ ಇನ್ನೊಂದು ಮಾಡಿದೆ. ಬ್ರೀದರ್ ಮುಚ್ಚಿ, ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಬಾಯಿಂದ ಸೈಕಲ್ ಪಂಪಿನಲ್ಲಿ ಮೆಲ್ಲಗೆ ಗಾಳಿ ತುಂಬಿ, ಸೋಪು ನೀರು ಹಾಕಿದೆ. ಎರಡು, ಮೂರು ಪಿಎಸ್‌ಐ ಸಾಕು. ಜಾಸ್ತಿ ಕೊಟ್ಟರೆ ಒಳ್ಳೆಯ ಸೀಲೇ ಹೊರಗೆ ಬರುತ್ತದೆ. ಪೆಟ್ರೋಲ್ ಪಂಪ್ ಬುಡದಲ್ಲಿ ಗುಳ್ಳೆ ಬಂತು, ಆ ಪ್ಯಾಕಿಂಗ್ ಕೂಡ ಬದಲಾಯಿಸಿದೆ. ಆದರೆ ಆಯಿಲ್ ಪ್ರೆಶರ್ ಸ್ವಿಚ್ಚಿನ ಲೀಕ್ ಇದರಲ್ಲಿ ಸಿಗಲ್ಲ. ಅದು ಆಯಿಲ್ ಪಂಪಿನ ಪ್ರೆಶರ್ ದಾರಿಯಲ್ಲಿದೆ, ಎಂಜಿನ್ ಓಡುವಾಗಲೇ ನೋಡಬೇಕು.

ಕೊನೆಗೆ ಕೆಲಸ ಮಾಡಿದ ಸಾಮಾನಿಗೆಲ್ಲ ಸೇರಿ ಆರುನೂರು ರೂಪಾಯಿ ಆಗಿರಬಹುದು, ಘಾಟಿಯ ಪೆಟ್ರೋಲ್ ಬಿಟ್ಟು. ಮುಂದಿನ ವಾರ ಗೆಳೆಯರೊಬ್ಬರ ಓಮ್ನಿ ಬರುತ್ತಿದೆ. ಅದೇ 796 ಸಿಸಿ ಎಂಜಿನ್, ಆದರೆ ಮುಂದಿನ ಸೀಟಿನ ಕೆಳಗೆ. ಅದಕ್ಕೂ ಕ್ರ್ಯಾಂಕ್ ಸೀಲ್ ಅಂತಲೇ ಹೇಳಿದ್ದಾರಂತೆ. ಮೊದಲು ಬ್ರೀದರ್ ಪೈಪ್ ಬಿಚ್ಚುತ್ತೇನೆ.