ಬುಧನ ಮೇಲೆ ಶನಿಯ ಕಣ್ಣು: ನನ್ನ ಅನುಭವ

ನಾನು ಹುಟ್ಟಿದ್ದು 1989ರ ನಿರ್ನಾಲದಲ್ಲಿ, ಅಂದರೆ ಸೂರ್ಯ ಕನ್ಯೆಯಲ್ಲಿರುವ ತುಳು ತಿಂಗಳಲ್ಲಿ. ರವಿ, ಬುಧ ಇಬ್ಬರೂ ಕನ್ಯೆಯಲ್ಲಿ. ಕನ್ಯೆ ಬುಧನಿಗೆ ಸ್ವಂತ ಮನೆಯೂ ಹೌದು, ಉಚ್ಚ ರಾಶಿಯೂ (ಅತಿ ಹೆಚ್ಚು ಬಲ ಇರುವ ರಾಶಿ) ಹೌದು. ಜಾತಕ ಬರೆದವರು ಈ ಇಬ್ಬರೂ ಒಂದೇ ರಾಶಿಯಲ್ಲಿ ಕೂಡುವ ಬುಧಾದಿತ್ಯ ಯೋಗ ಕಂಡು "ಹುಡುಗ ಒಳ್ಳೆ ಮಾತುಗಾರ ಆಗ್ತಾನೆ" ಅಂದಿದ್ದರಂತೆ. ಬುಧ ಸೂರ್ಯನನ್ನು ಬಿಟ್ಟು 28 ಡಿಗ್ರಿಗಿಂತ ಆಚೆ ಹೋಗುವುದೇ ಇಲ್ಲ. ಹಾಗಾಗಿ ಈ ಯೋಗ ಬೀದಿಗೆ ಹತ್ತು ಜನರಿಗೆ ಸಿಗುತ್ತದೆ. ಅಷ್ಟು ಖುಷಿ ಪಡುವಂಥದ್ದೇನೂ ಅಲ್ಲ.

ಅವರು ಧನುವಿನಲ್ಲಿ ಕೂತಿದ್ದ ಶನಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೂತ ರಾಶಿಯನ್ನೇ ಒಂದು ಅಂತ ಎಣಿಸಿ ಏಳನೇ ರಾಶಿಯ ಮೇಲೆ ಬೀಳುವ ನೋಟ, ಅಂದರೆ ಏಳನೇ ದೃಷ್ಟಿ, ಎಲ್ಲ ಗ್ರಹಗಳಿಗೂ ಉಂಟು. ಶನಿಗೆ ಅದರ ಮೇಲೆ ಮೂರನೆಯದು, ಹತ್ತನೆಯದು ಜಾಸ್ತಿ. ಧನುವಿನಿಂದ ಎಣಿಸಿದರೆ ಹತ್ತನೆಯದು ಕನ್ಯೆ. ಬುದ್ಧಿ, ಮಾತು, ಲೆಕ್ಕ ಎಲ್ಲವನ್ನೂ ಕೊಡುವ ಬುಧನ ಮೇಲೆ ತಡ ಮಾಡಿಸುವ ಗ್ರಹದ ಕಣ್ಣು.

ನಮ್ಮ ಮನೆಯಲ್ಲಿ ಎಲ್ಲರೂ ತುಳುವಿನಲ್ಲಿ ಪಟಪಟ ಮಾತಾಡುವವರು. ನಾನು ಬಾಯಿ ತೆರೆಯುವಷ್ಟರಲ್ಲಿ ಚರ್ಚೆ ಮುಗಿದು ಊಟದ ಎಲೆ ತೆಗೆದಾಗಿರುತ್ತಿತ್ತು. ಉತ್ತರ ಹೊಳೆಯುತ್ತಿರಲಿಲ್ಲ ಅಂತಲ್ಲ. ಹೊಳೆದ ಬೆನ್ನಿಗೇ ಇದು ಸರಿಯಾ, ಯಾರಾದರೂ ಬೇರೆ ಥರ ತಿಳಿದುಕೊಂಡರೆ ಏನು ಕಥೆ ಎಂಬ ತಪಾಸಣೆ ಶುರುವಾಗುತ್ತಿತ್ತು. ಅದು ಶನಿಯಿಂದ ಬಂತೋ, ಮಾತಿನ ಮನೆಯಲ್ಲಿ ಕೊನೆಯವನಾಗಿ ಹುಟ್ಟಿದ್ದರಿಂದ ಬಂತೋ, ಸಾಬೀತು ಮಾಡಲಿಕ್ಕೆ ನನ್ನಿಂದಾಗದು. ಜಾತಕ ನೋಡಿದ ಮೇಲೆ ನಾನು ನನ್ನ ಮಾತನ್ನು ಗಮನಿಸಲಿಕ್ಕೆ ಶುರು ಮಾಡಿದೆ, ಅದಂತೂ ನಿಜ.

ಅಮ್ಮ ಹೇಳಿದ ಹೆಸರುಕಾಳು ದಾನ, ಎಳ್ಳೆಣ್ಣೆ ದೀಪ ಎಲ್ಲ ಮಾಡಿದ್ದೇನೆ. ಅದಕ್ಕಿಂತ ಉಪಯೋಗಕ್ಕೆ ಬಂದದ್ದು ಯಾವ ಗ್ರಹಕ್ಕೆ ಯಾವುದು ಮಿತ್ರ, ಯಾವುದು ವೈರಿ ಎಂಬ ಗ್ರಹಮೈತ್ರಿಯ ಲೆಕ್ಕ. ಶನಿಗೆ ಬುಧ ಮಿತ್ರ, ಬುಧನಿಗೆ ಶನಿ ಸಮ, ಮಿತ್ರನೂ ಅಲ್ಲ ವೈರಿಯೂ ಅಲ್ಲ. ಅಂದರೆ ಶನಿ ಬಾಯಿ ಮುಚ್ಚಿಸುವ ವೈರಿ ಅಲ್ಲ, ಕರಡು ತಿದ್ದುವ ಮೇಷ್ಟ್ರು. ಮೇಷ್ಟ್ರಿಗೆ ಕಾಗದ ಬೇಕು, ಅಲ್ವಾ? ನಾನೂ ಜ್ಯೋತಿಷಿಯೇ. ಹಾಗಾಗಿ ಯಾರ ಜಾತಕ ಬಂದರೂ ಹೇಳಬೇಕಾದ್ದನ್ನು ಮೊದಲು ಬರೆದುಕೊಳ್ಳುತ್ತೇನೆ.

ಬರೆದು ನೋಡಿದಾಗಲೇ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ನನ್ನ ಮೊದಲ ವಾಕ್ಯ ಯಾವಾಗಲೂ ಇಲ್ಲ, ಕಷ್ಟ, ಆಗ್ಲಿಕ್ಕಿಲ್ಲ ಎಂದೇ ಇರುತ್ತದೆ. ಈಗ ಅದನ್ನು ಕಾಗದದಲ್ಲೇ ಕೆಳಗೆ ತಳ್ಳುತ್ತೇನೆ. ತೆಗೆದು ಹಾಕುವುದಿಲ್ಲ, ಇದ್ದದ್ದನ್ನು ಹೇಳಬೇಕು. ಆದರೆ ಯಾವಾಗ ದಾರಿ ಬಿಡುತ್ತದೆ ಅನ್ನುವುದು ಮೊದಲು ಬರಬೇಕು.

ಉಡುಪಿಯ ರಥಬೀದಿ ಹತ್ತಿರ ಒಂದು ಸಣ್ಣ ಕೋಣೆಯಲ್ಲಿ ಸಂಜೆ ಹೊತ್ತು ಜಾತಕ ನೋಡುತ್ತೇನೆ. ಅಲ್ಲಿ ಈ ದೃಷ್ಟಿಯ ಉಪದ್ರ ಬೇರೆಯೇ. ಜ್ಯೋತಿಷಿ ಸುಮ್ಮನಾದರೆ ಎದುರು ಕೂತವರ ಜೀವ ಹಾರುತ್ತದೆ. ಮಗಳ ಮದುವೆ ವಿಷಯ ಕೇಳಲಿಕ್ಕೆ ಬಂದ ಒಬ್ಬರು ತಾಯಿ, ನಾನು ನವಾಂಶ (ರಾಶಿಯನ್ನು ಒಂಬತ್ತು ಪಾಲು ಮಾಡಿ ಬರೆಯುವ ಕುಂಡಲಿ) ನೋಡುತ್ತಾ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರೆ, ಬ್ಯಾಗಿನ ಹಿಡಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿ ಮಾಡಿಕೊಂಡಿದ್ದರು. ಕೊನೆಗೆ "ದೊಡ್ಡ ದೋಷ ಉಂಟಾ?" ಅಂತ ಕೇಳಿದರು. ನಾನು ದಶಾಶೇಷ, ಅಂದರೆ ಗ್ರಹವೊಂದು ಆಳುವ ಅವಧಿಯಲ್ಲಿ (ದಶೆಯಲ್ಲಿ) ಉಳಿದದ್ದೆಷ್ಟು ಅಂತ ಲೆಕ್ಕ ಹಾಕುತ್ತಿದ್ದೆ, ಅಷ್ಟೇ ಮಾರಾಯ್ರೆ!

ಆಮೇಲಿಂದ ಕೂತ ಕೂಡಲೇ ಹೇಳಿಬಿಡುತ್ತೇನೆ: "ನಾನು ನಿಧಾನ. ಸುಮ್ನೆ ಕೂತರೆ ಲೆಕ್ಕ ಮಾಡ್ತಿದ್ದೇನೆ ಅಂತ." ಲೆಕ್ಕವನ್ನೂ ಗಟ್ಟಿಯಾಗಿ ಓದುತ್ತೇನೆ. ಶನಿ ದಶೆ 19 ವರ್ಷ, ಅದರಲ್ಲಿ ಕಳೆದದ್ದು ಇಷ್ಟು, ಮುಂದೆ ಬುಧ ದಶೆ 17 ವರ್ಷ. ಅರ್ಥ ಆಗದಿದ್ದರೂ ಕೇಳುವವರಿಗೆ ಧೈರ್ಯ. ಕವಡೆ ಹಾಕಿ ಉತ್ತರ ಹೇಳುವ ಕವಡೆ ಪ್ರಶ್ನೆಯಲ್ಲಿ ಈ ತಾಪತ್ರಯ ಇಲ್ಲ. ಕವಡೆ ಎಣಿಸುವುದು ಎಲ್ಲರಿಗೂ ಕಾಣುತ್ತದೆ. ಆ ಹೊತ್ತಿನಲ್ಲಿ ನನ್ನ ವಾಕ್ಯವೂ ತಯಾರಾಗಿರುತ್ತದೆ.

ಇದೇ ದೃಷ್ಟಿ ಇರುವ ಮಕ್ಕಳನ್ನು ಕರೆದುಕೊಂಡು ಬಂದು "ಇವನು ಮಾತಾಡುವುದೇ ಇಲ್ಲ" ಎನ್ನುವ ಅಪ್ಪಂದಿರಿಗೆ, ಪ್ರಶ್ನೆ ಕೇಳಿ ಸ್ವಲ್ಪ ಕಾಯಿರಿ ಅನ್ನುತ್ತೇನೆ. ಅವನ ಪರವಾಗಿ ನೀವೇ ಉತ್ತರ ಕೊಡಬೇಡಿ. ಕುಜ (ಮಂಗಳ) ದೃಷ್ಟಿ ಇರುವ ಬುಧನದ್ದು ಪೂರಾ ಉಲ್ಟಾ, ಬಾಯಿ ಮೊದಲು, ತಲೆ ಆಮೇಲೆ. ಅಂಥವರ ಹತ್ತಿರ ವಾದ ಮಾಡುವುದೇ ದಂಡ.

ಆಕಾಶದಲ್ಲಿ ಕಾಣುವ ಸ್ಥಾನಕ್ಕೆ ಹೊಂದಿಸಿದ ದೃಕ್ ಗಣಿತದ ಪ್ರಕಾರ 2025ರ ಮಾರ್ಚ್ ಕೊನೆಗೆ ಶನಿ ಮೀನಕ್ಕೆ ಬಂದ. ಅಲ್ಲಿಂದ ಏಳನೇ ದೃಷ್ಟಿ ಮತ್ತೆ ನನ್ನ ಕನ್ಯೆಯ ಮೇಲೆಯೇ. ವಾಟ್ಸಾಪಿನಲ್ಲಿ ಉದ್ದುದ್ದ ಧ್ವನಿ ಸಂದೇಶ ಕಳಿಸುವವರಿಗೆಲ್ಲ ಈಗ ಟೈಪ್ ಮಾಡಿಯೇ ಉತ್ತರ ಕೊಡುತ್ತಿದ್ದೇನೆ, ಅದೂ ಮರುದಿನ. ಬೇಗ ಬೇಕಾದವರು ಫೋನ್ ಮಾಡಿ ಬೈಯುತ್ತಾರೆ.