ನಲವತ್ತಾರರಲ್ಲಿ ಟ್ರಾಂಬೋನ್ ಹಿಡಿದೆ

ನನ್ನ ರೂಂಮೇಟ್‌ಗೆ ಯಾವ ಹಾಡಿನ ಸಾಹಿತ್ಯವೂ ಪೂರ್ತಿ ಬರುತ್ತಿರಲಿಲ್ಲ. ಆದರೆ ಟ್ರಂಪೆಟ್, ಟ್ರಾಂಬೋನ್ ಊದುವ ಜಾಗ ಬಂದರೆ ಒಂದು ಸ್ವರವೂ ತಪ್ಪುತ್ತಿರಲಿಲ್ಲ. ಸ್ಟೀರಿಂಗ್ ಮೇಲೆ ಬೆರಳು ಬಡಿಯುತ್ತಾ ಬಾಯಲ್ಲೇ 'ಪಪ್ಪ ಪರಪ್ಪಾ' ಅಂತ ಪೂರ್ತಿ ಹಾಡಿಬಿಡುತ್ತಿದ್ದ. ಅದು 1997. ಎಂ.ಎಸ್. ಮಾಡಲು ಮೈಸೂರಿನಿಂದ ಫ್ಲೋರಿಡಾದ ಗೇನ್ಸ್‌ವಿಲ್‌ಗೆ ಬಂದು ನನಗಿನ್ನೂ ಎರಡು ವಾರ ಆಗಿತ್ತು. ಅಕ್ಕಿ ತರಲು ಅವನ ಹಳೇ ಕಾರಿನಲ್ಲಿ ಹೋಗುವಾಗ ನಾನು ಮೊದಲ ಸಲ ಸ್ಕಾ ಪಂಕ್ ಕೇಳಿದೆ. ಜಮೈಕಾದ ಸ್ಕಾ ಸಂಗೀತಕ್ಕೆ ಪಂಕ್ ರಾಕ್‌ನ ವೇಗ ಸೇರಿಸಿದ ಸಂಗೀತ ಅದು.

ಕ್ಯಾಸೆಟ್‌ನಲ್ಲಿ ಇದ್ದದ್ದು ಲೆಸ್ ದ್ಯಾನ್ ಜೇಕ್. ಅದೇ ಊರಿನಲ್ಲಿ 1992ರಲ್ಲಿ ಶುರುವಾದ ಬ್ಯಾಂಡ್. ಹೆಸರಿನ ಕಥೆಯನ್ನೂ ಅವನೇ ಹೇಳಿದ. ಡ್ರಮ್ಮರ್ ಮನೆಯಲ್ಲಿ ಜೇಕ್ ಅಂತ ಒಂದು ನಾಯಿ ಇತ್ತಂತೆ. ಮನೆಯಲ್ಲಿ ಎಲ್ಲರಿಗಿಂತ ಅದಕ್ಕೇ ಮರ್ಯಾದೆ ಜಾಸ್ತಿ. ಉಳಿದವರೆಲ್ಲ ಜೇಕ್‌ಗಿಂತ ಕಡಿಮೆ! ಅವನು ನಗುತ್ತಿದ್ದ, ನನಗೆ ಅರ್ಧ ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ. ಆದರೆ ಆ ಊದುವಿಕೆ ಮಾತ್ರ ನೇರವಾಗಿ ಒಳಗಿಳಿಯಿತು.

ಯಾಕೆ ಅಂತ ಆಗಲೇ ಗೊತ್ತಿತ್ತು. ದಸರಾ ಜಂಬೂಸವಾರಿ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದರಲ್ಲಿ ಆನೆಗಿಂತ ಹೆಚ್ಚು ನೆನಪಿರುವುದು ಪೊಲೀಸ್ ಬ್ಯಾಂಡ್. ಸಾಲಿನಲ್ಲಿ ಒಬ್ಬರು ಹಿತ್ತಾಳೆ ಕೊಳವೆಯನ್ನು ಹಿಂದೆ ಮುಂದೆ ಎಳೆಯುತ್ತಾ ನಡೆಯುತ್ತಿದ್ದರು. ಅದಕ್ಕೆ ಟ್ರಾಂಬೋನ್ ಅನ್ನುತ್ತಾರೆ ಅಂತ ತಿಳಿದದ್ದು ಗೇನ್ಸ್‌ವಿಲ್‌ನಲ್ಲಿ.

ಆ ವರ್ಷದ ಕೊನೆಗೆ ಮೊದಲ ಕಾರ್ಯಕ್ರಮಕ್ಕೆ ಹೋದೆ. ಊರಿನ ಹುಡುಗರದ್ದೇ ಬ್ಯಾಂಡ್, ಒಂದು ಸಣ್ಣ ಹಾಲ್. ಒಳಗೆಲ್ಲ ಸೆಖೆ, ಬೆವರು, ನೂರು ಜನ. ಮುಂದೆ ಎಲ್ಲರೂ ಮೊಣಕಾಲು ಎತ್ತಿ, ಕೈ ಬೀಸಿ, ಓಡಿದಂತೆ ಕುಣಿಯುತ್ತಿದ್ದರು. ಅದಕ್ಕೆ ಸ್ಕ್ಯಾಂಕಿಂಗ್ ಅನ್ನುತ್ತಾರೆ. ನಾನು ಕಾಲು ಜಾರಿ ಬಿದ್ದೆ. ಬಿದ್ದ ಕ್ಷಣವೇ ಮೂರು ಕಡೆಯಿಂದ ಕೈಗಳು ಬಂದು ಎತ್ತಿ ನಿಲ್ಲಿಸಿದವು. ಯಾರೆಂದು ನೋಡುವಷ್ಟರಲ್ಲಿ ಅವರು ಮತ್ತೆ ಕುಣಿತದಲ್ಲಿ ಕರಗಿದ್ದರು. ಊರು ಬಿಟ್ಟು ಬಂದ ಮೇಲೆ ಯಾರಾದರೂ ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಆಗ ಸ್ಕಾ ಎಲ್ಲ ಕಡೆ ಇತ್ತು. ಬಾಸ್ಟನ್‌ನ ಮೈಟಿ ಮೈಟಿ ಬಾಸ್‌ಟೋನ್ಸ್ ಹಾಡು ರೇಡಿಯೋದಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಕ್ಯಾಲಿಫೋರ್ನಿಯಾದ ರೀಲ್ ಬಿಗ್ ಫಿಶ್ ಟಿವಿಯಲ್ಲಿ ಕಾಣಿಸುತ್ತಿತ್ತು. 1999ರಲ್ಲಿ ಬಂದ ಟೋನಿ ಹಾಕ್ ಸ್ಕೇಟಿಂಗ್ ವಿಡಿಯೋ ಆಟದಲ್ಲೂ ಗೋಲ್ಡ್‌ಫಿಂಗರ್ ಬ್ಯಾಂಡ್‌ನ ಒಂದು ಹಾಡು ಇತ್ತು. ನನ್ನ ವಯಸ್ಸಿನ ಎಷ್ಟೋ ಜನಕ್ಕೆ ಸ್ಕಾ ಅಂದರೆ ಇವತ್ತಿಗೂ ಆ ಆಟವೇ. ಆಮೇಲೆ ಎರಡೇ ವರ್ಷದಲ್ಲಿ ರೇಡಿಯೋ ಮರೆಯಿತು. ಸ್ಕಾ ರೆಕಾರ್ಡ್ ತರುತ್ತಿದ್ದ ನ್ಯೂಯಾರ್ಕ್‌ನ ಮೂನ್ ಸ್ಕಾ ರೆಕಾರ್ಡ್ಸ್ ಕಂಪನಿ 2000ದಲ್ಲಿ ಮುಚ್ಚಿತು. ನನಗೂ ಫ್ಲೋರಿಡಾದ್ದೇ ಟ್ಯಾಂಪಾ ನಗರದಲ್ಲಿ ಕೆಲಸ, ಮದುವೆ, ಇಬ್ಬರು ಮಕ್ಕಳು. ಕ್ಯಾಸೆಟ್, ಸಿಡಿಗಳೆಲ್ಲ ಒಂದು ಡಬ್ಬದಲ್ಲಿ ಗ್ಯಾರೇಜ್ ಸೇರಿದವು. ಆದರೂ ಪಾತ್ರೆ ತೊಳೆಯುವಾಗ ಬಾಯಿಗೆ ಬರುತ್ತಿದ್ದದ್ದು ಅದೇ 'ಪಪ್ಪ ಪರಪ್ಪಾ'.

2020ರ ಲಾಕ್‌ಡೌನ್‌ನಲ್ಲಿ ಮಗಳು ಒಂದು ವಿಡಿಯೋ ತೋರಿಸಿದಳು. ಸ್ಕಾ ಟ್ಯೂನ್ ನೆಟ್‌ವರ್ಕ್ ಅನ್ನುವ ಯೂಟ್ಯೂಬ್ ಚಾನೆಲ್. ಅದನ್ನು ನಡೆಸುವವರು ಜೆರ್. ಗಿಟಾರ್, ಟ್ರಂಪೆಟ್, ಟ್ರಾಂಬೋನ್ ಎಲ್ಲವನ್ನೂ ಒಬ್ಬರೇ ನುಡಿಸಿ, ಜನಕ್ಕೆ ಗೊತ್ತಿರುವ ಹಾಡುಗಳನ್ನು ಸ್ಕಾ ಮಾಡುತ್ತಾರೆ. ಅವರು ಟ್ರಾಂಬೋನ್ ಎತ್ತಿದ್ದು ನೋಡಿ ನನ್ನ ಕೈ ತಡೆಯಲಿಲ್ಲ. ಮುಂದಿನ ವಾರವೇ ಒಂದು ಸೆಕೆಂಡ್‌ಹ್ಯಾಂಡ್ ಟ್ರಾಂಬೋನ್ ಮನೆಗೆ ಬಂತು.

ಮೊದಲ ದಿನವೇ ಬೀಳಿಸಿದೆ. ಟ್ರಾಂಬೋನ್‌ನ ಎಳೆಯುವ ಭಾಗ, ಅಂದರೆ ಸ್ಲೈಡ್, ಸುಮ್ನೆ ತೂರಿಸಿಟ್ಟ ಕೊಳವೆ. ಕುತ್ತಿಗೆ ಹತ್ತಿರ ಒಂದು ಪುಟ್ಟ ಬೀಗ ಇದೆ, ಅದನ್ನು ತಿರುಗಿಸದೆ ಎತ್ತಿದರೆ ಜಾರಿ ನೆಲಕ್ಕೆ ಹೋಗುತ್ತದೆ. ಹಾಗೇ ಆಯಿತು. ಕಣ್ಣಿಗೆ ಕಾಣದಷ್ಟು ಸಣ್ಣ ತಗ್ಗು ಬಿದ್ದರೂ ಸ್ಲೈಡ್ ಅಲ್ಲಿಗೆ ಬಂದು ಗಕ್ ಅಂತ ನಿಲ್ಲುತ್ತದೆ. ರಿಪೇರಿ ಮಾಡಿದ ಹಿರಿಯರು ಬೈಯಲಿಲ್ಲ. ಸ್ಲೈಡ್‌ಗೆ ಏನು ಹಚ್ಚುತ್ತೀರಿ ಅಂತ ಕೇಳಿದರು. ಎಣ್ಣೆ ಅಂದೆ. ತಮ್ಮ ಕಾಲದಲ್ಲಿ ಪಾಂಡ್ಸ್ ಕೋಲ್ಡ್ ಕ್ರೀಮ್ ಹಚ್ಚಿ ಮೇಲೆ ನೀರು ಚಿಮುಕಿಸುತ್ತಿದ್ದೆವು ಅಂದರು. ನಾನು ಅಲ್ಲೇ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಪಾಂಡ್ಸ್ ಅಂದರೆ ನನಗೆ ಅಮ್ಮನ ಕೆನ್ನೆ. ಇವತ್ತಿಗೂ ನಾನು ಅದನ್ನೇ ಹಚ್ಚುತ್ತೇನೆ. ಬೆರಳ ತುದಿಯಷ್ಟು ಸಾಕು. ಒಳಗಿನ ಕೊಳವೆಯ ಕೆಳತುದಿಗೆ ತೆಳ್ಳಗೆ ಸವರಿ, ನೀರು ಚಿಮುಕಿಸಿ, ನಾಲ್ಕು ಸಲ ಎಳೆದಾಡಿದರೆ ಗಾಳಿಯಲ್ಲಿ ತೇಲಿದಂತೆ ಹೋಗುತ್ತದೆ. ಕೋಣೆ ತುಂಬ ಮೈಸೂರಿನ ಚಳಿಗಾಲದ ವಾಸನೆ.

ಊದುವುದು ಅಂದರೆ ಗಾಳಿ ತಳ್ಳುವುದಲ್ಲ. ತುಟಿ ಬಿಗಿಹಿಡಿದು ದುಂಬಿಯಂತೆ ಗುಂಯ್‌ಗುಡಿಸಬೇಕು. ಮೊದಲ ತಿಂಗಳು ಬರೀ ಅದೇ. ಬಾಯಿಗಿಡುವ ಬಟ್ಟಲನ್ನು ಕಳಚಿಕೊಂಡು ಆಫೀಸಿಗೆ ಹೋಗುವ ದಾರಿಯಲ್ಲಿ ಕಾರಿನಲ್ಲೇ ಊದುತ್ತಿದ್ದೆ. ದಿನಾ ಇಪ್ಪತ್ತು ನಿಮಿಷ. ಅದಕ್ಕಿಂತ ಜಾಸ್ತಿ ಮಾಡಿದರೆ ಮರುದಿನ ತುಟಿ ಕೇಳುವುದಿಲ್ಲ. ಈ ವಯಸ್ಸಿನಲ್ಲಿ ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ವಾರಕ್ಕೊಮ್ಮೆ ಎರಡು ಗಂಟೆ ಬೇಡ, ದಿನಾ ಇಪ್ಪತ್ತು ನಿಮಿಷ.

ಟ್ರಾಂಬೋನ್‌ಗೆ ಗುಂಡಿಗಳಿಲ್ಲ. ಸ್ಲೈಡ್‌ನಲ್ಲಿ ಏಳು ಜಾಗಗಳಿವೆ, ಗುರುತು ಒಂದಕ್ಕೂ ಇಲ್ಲ. ಕಿವಿಯೇ ಹುಡುಕಬೇಕು. ವೀಣೆಗೆ ಮೆಟ್ಟಿಲಿದೆ, ಪಿಟೀಲಿಗೆ ಇಲ್ಲ ಅಲ್ವಾ, ಹಾಗೆ. ಸ್ಕಾ ಪಂಕ್‌ನ ವೇಗಕ್ಕೆ ಇದೇ ಕಷ್ಟ. ಟ್ರಂಪೆಟ್‌ನವರು ಬೆರಳು ಒತ್ತಿ ಮುಗಿಸುವಷ್ಟರಲ್ಲಿ ನಾನಿನ್ನೂ ತೋಳು ಚಾಚುತ್ತಿದ್ದೆ. ಆರು ತಿಂಗಳು ಒದ್ದಾಡಿದ ಮೇಲೆ ಒಂದು ಗುಟ್ಟು ಸಿಕ್ಕಿತು. ಕೆಲವು ಸ್ವರಗಳು ಎರಡು ಜಾಗದಲ್ಲಿ ಸಿಗುತ್ತವೆ. ಮೇಲಿನ 'ಸಿ' ಸಿಗುವುದು ಮೂರನೇ ಜಾಗದಲ್ಲಿ. ಅದರ ಪಕ್ಕದ 'ಡಿ' ಮಾಮೂಲಾಗಿ ಮೊದಲ ಜಾಗದಲ್ಲಿ. ಆದರೆ ಅದೇ 'ಡಿ' ನಾಲ್ಕನೇ ಜಾಗದಲ್ಲೂ ಇದೆ. ಮೂರರಿಂದ ಒಂದಕ್ಕೆ ಓಡುವ ಬದಲು ಮೂರರಿಂದ ನಾಲ್ಕಕ್ಕೆ ಒಂದೇ ಹೆಜ್ಜೆ. ಇದು ತಿಳಿದ ದಿನ, ಇಪ್ಪತ್ತಮೂರು ವರ್ಷ ಬಾಯಲ್ಲಿ ಹಾಡಿಕೊಂಡಿದ್ದ ಒಂದು ಸಾಲು ಮೊದಲ ಬಾರಿ ಹಿತ್ತಾಳೆಯಿಂದ ಹೊರಗೆ ಬಂತು. ಮಗಳು ಓಡಿ ಬಂದು ಬಾಗಿಲಲ್ಲಿ ನಿಂತಳು.

ಈ ವಾದ್ಯ ಸ್ಕಾಗೆ ಹೇಗೆ ಬಂತು ಅಂತ ಹುಡುಕಿದಾಗ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ಗೆ ಹೋಗಿ ಮುಟ್ಟಿದೆ. ಜಮೈಕಾ 1962ರಲ್ಲಿ ಸ್ವತಂತ್ರವಾಯಿತು. ಆ ಹೊತ್ತಿನ ಹುರುಪಿನ ಸಂಗೀತವೇ ಸ್ಕಾ. ಅಲ್ಲಿ ಕ್ಯಾಥೊಲಿಕ್ ಸಿಸ್ಟರ್‌ಗಳು ನಡೆಸುತ್ತಿದ್ದ ಆಲ್ಫಾ ಬಾಯ್ಸ್ ಸ್ಕೂಲ್ ಅಂತ ಒಂದು ಶಾಲೆ. ಬಡ ಹುಡುಗರಿಗೆ ಕಸುಬು ಕಲಿಸುತ್ತಿದ್ದ ಜಾಗ. ಅದರ ಬ್ಯಾಂಡ್‌ನಿಂದಲೇ ಡಾನ್ ಡ್ರಮಂಡ್ ಬಂದರು. 1964ರಲ್ಲಿ ಶುರುವಾದ ಸ್ಕಾಟಲೈಟ್ಸ್‌ನ ಟ್ರಾಂಬೋನ್ ಅವರದ್ದು. ಅದೇ ಶಾಲೆಯಲ್ಲಿ ಅವರಿಂದ ಕಲಿತ ಕಿರಿಯರು ರಿಕೊ ರೊಡ್ರಿಗಜ್. ರಿಕೊ ಇಂಗ್ಲೆಂಡ್‌ಗೆ ಹೋದರು. 1979ರಲ್ಲಿ ಕೋವೆಂಟ್ರಿ ಅನ್ನುವ ಕಾರ್ಖಾನೆ ಊರಿನಲ್ಲಿ ಕರಿಯ ಬಿಳಿಯ ಹುಡುಗರು ಸೇರಿ ದಿ ಸ್ಪೆಷಲ್ಸ್ ಬ್ಯಾಂಡ್‌ನಲ್ಲಿ ಸ್ಕಾಗೆ ಮತ್ತೆ ಜೀವ ಕೊಟ್ಟಾಗ, ಅವರ ರೆಕಾರ್ಡ್‌ನಲ್ಲಿ ಊದಿದ್ದು ಇದೇ ರಿಕೊ. ಸ್ಕಾ ಅಭಿಮಾನಿಗಳ ಶೂ, ಟೋಪಿ ಮೇಲೆ ಕಾಣುವ ಕಪ್ಪು ಬಿಳಿ ಚೌಕಗಳು ಬಂದದ್ದು ಆಗಿನ ಟೂ ಟೋನ್ ರೆಕಾರ್ಡ್ಸ್ ಅನ್ನುವ ರೆಕಾರ್ಡ್ ಕಂಪನಿಯಿಂದ. ಆಮೇಲೆ 1987ರಲ್ಲಿ ಕ್ಯಾಲಿಫೋರ್ನಿಯಾದ ಆಪರೇಷನ್ ಐವಿ ಹುಡುಗರು ಇದಕ್ಕೆ ಪಂಕ್‌ನ ವೇಗ ಸೇರಿಸಿದರು. ಎರಡೇ ವರ್ಷ ಇದ್ದ ಬ್ಯಾಂಡ್ ಅದು. ನಾವೆಲ್ಲ ಇವತ್ತಿಗೂ ಅವರ ಋಣದಲ್ಲಿದ್ದೇವೆ.

ಒಬ್ಬನೇ ಊದಿದರೆ ಸ್ಕಾ ಆಗುವುದಿಲ್ಲ. 2022ರಲ್ಲಿ ಜನ ಕೂಡಿಸಲು ಹೊರಟೆ. ಆರು ಜನ ಬೇಕು: ಗಿಟಾರ್, ಬೇಸ್, ಡ್ರಮ್ಸ್, ಟ್ರಂಪೆಟ್, ಸ್ಯಾಕ್ಸೊಫೋನ್, ಟ್ರಾಂಬೋನ್. ಎಲ್ಲರಿಗೂ ಮನೆ, ಮಕ್ಕಳು, ಸೊಂಟನೋವು. ಆದರೆ ನಲವತ್ತು ದಾಟಿದವರ ಹತ್ತಿರ ಹೋಗಿ 'ಸ್ಕಾ ಬ್ಯಾಂಡ್ ಮಾಡೋಣ' ಅಂದು ನೋಡಿ, ಮುಖ ಹೇಗೆ ಅರಳುತ್ತೆ ಅಂತ. ನಮ್ಮ ಟ್ರಂಪೆಟ್‌ನವರು ಹೈಸ್ಕೂಲ್ ಮುಗಿದ ಮೇಲೆ ವಾದ್ಯವನ್ನೇ ಮುಟ್ಟಿರಲಿಲ್ಲ. ಮಾತು ಮುಗಿಯುವ ಮುಂಚೆ ಮಹಡಿಗೆ ಹೋಗಿ ಪೆಟ್ಟಿಗೆ ತಂದರು.

ಮೊದಲ ಪ್ರಾಕ್ಟೀಸ್ ಕೆಟ್ಟಿತು, ತಪ್ಪು ನನ್ನದೇ. ಊದುವ ಮೂವರಿಗೂ ಒಂದೇ ಹಾಳೆ ಕೊಟ್ಟಿದ್ದೆ. ಒಂದೇ ಸ್ವರವನ್ನು ಒಂದೊಂದು ವಾದ್ಯಕ್ಕೆ ಒಂದೊಂದು ಹೆಸರಲ್ಲಿ ಬರೆಯಬೇಕು. ನನ್ನ 'ಬಿ ಫ್ಲ್ಯಾಟ್' ಸ್ವರ ಟ್ರಂಪೆಟ್ ಹಾಳೆಯಲ್ಲಿ 'ಸಿ' ಆಗಿರಬೇಕು, ಆಲ್ಟೊ ಸ್ಯಾಕ್ಸ್ ಹಾಳೆಯಲ್ಲಿ 'ಜಿ' ಆಗಿರಬೇಕು. ನಮ್ಮಲ್ಲಿ ಯಾರ ಶ್ರುತಿಯಾದರೂ ಷಡ್ಜ 'ಸ'ವೇ ಅಲ್ವಾ? ಆ ಅಭ್ಯಾಸದಲ್ಲಿ ಬೆಳೆದವನು, ಅಲ್ಲೇ ಎಡವಿದೆ. ಈಗ ಮೊದಲು ಸರಿಗಮದಲ್ಲಿ ಬರೆದುಕೊಂಡು, ಆಮೇಲೆ ಒಬ್ಬೊಬ್ಬರ ವಾದ್ಯಕ್ಕೆ ತಕ್ಕಂತೆ ಇಳಿಸುತ್ತೇನೆ. ಗಿಟಾರ್‌ನವರದು ಇನ್ನೊಂದು ತಕರಾರು. ಅವರಿಗೆ 'ಇ' ಶ್ರುತಿ ಸುಲಭ, ನಮಗೆ ಅದು ಮುಳ್ಳಿನ ದಾರಿ. ಕೊನೆಗೆ ಅವರು ಮೊದಲ ಮೆಟ್ಟಿಲಿಗೆ ಕೇಪೊ, ಅಂದರೆ ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್, ಹಾಕಿಕೊಂಡರು. ಅವರ ಬೆರಳಿಗೆ 'ಇ', ನಮಗೆ 'ಎಫ್'. ಜಗಳ ಮುಗಿಯಿತು.

ಆ ಗಿಟಾರಿಸ್ಟ್ ಮೊದಲು ಹೆವಿ ಮೆಟಲ್ ರಾಕ್ ನುಡಿಸುತ್ತಿದ್ದವರು. ಕೈ ಯಾವಾಗಲೂ ತಾಳದ ಪೆಟ್ಟಿನ ಮೇಲೇ ಬೀಳುತ್ತಿತ್ತು. ಸ್ಕಾದಲ್ಲಿ ಪೆಟ್ಟಿನ ಮೇಲೆ ಗಿಟಾರ್ ಸುಮ್ಮನಿರಬೇಕು, ಎರಡು ಪೆಟ್ಟುಗಳ ನಡುವೆ ತಂತಿಯನ್ನು ಕೆಳಗಿನಿಂದ ಮೇಲಕ್ಕೆ ಮೀಟಿ, ಕೂಡಲೇ ಎಡಗೈ ಸಡಿಲಿಸಿ ಸದ್ದು ಕತ್ತರಿಸಬೇಕು. ತಾಳದ ಟಿಕ್ ಟಿಕ್ ಕೊಡುವ ಮೆಟ್ರೋನೋಮ್ ಇಟ್ಟು ಎಷ್ಟು ಹೇಳಿದರೂ ಆಗಲಿಲ್ಲ. ಆಗ ಅಮ್ಮನ ಪಾಠ ನೆನಪಾಯಿತು. ಅವರು ಮನೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದರು. ಅನಾಗತ ಎಡುಪಿನ ಕೃತಿ ಬಂದರೆ ಮಕ್ಕಳೆಲ್ಲ ತಪ್ಪುತ್ತಿದ್ದರು. ತಾಳ ಬಿದ್ದ ಮೇಲೆ, ಕೈ ಮೇಲೇಳುವಾಗ ಹಾಡು ಹಿಡಿಯಬೇಕಲ್ಲ. 'ಕೈ ಬಿದ್ದಾಗ ಬಾಯಿ ಮುಚ್ಚು, ಕೈ ಎದ್ದಾಗ ಬಾಯಿ ಬಿಡು' ಅನ್ನುತ್ತಿದ್ದರು ಅಮ್ಮ. ಗಿಟಾರ್ ಕೆಳಗಿಡಿಸಿ ಅವರಿಗೂ ತೊಡೆ ಮೇಲೆ ತಾಳ ಹಾಕಿಸಿದೆ. ಕೈ ಬಿದ್ದಾಗ ಮೌನ, ಎದ್ದಾಗ 'ಚಕ್'. ಮೊದಲು ನಿಧಾನವಾಗಿ, ಆಮೇಲೆ ನಿಮಿಷಕ್ಕೆ 180 ಪೆಟ್ಟಿನವರೆಗೆ. ಹತ್ತು ನಿಮಿಷದಲ್ಲಿ ಕೈ ಕೂತಿತು. ಬೇರೆ ಹೊಸಬರಿಗೂ ನಾನು ಈಗ ಹೀಗೇ ಹೇಳಿಕೊಡುತ್ತೇನೆ.

ಸ್ಯಾಕ್ಸೊಫೋನ್‌ನವರಿಗೆ ಒಂದು ಸಂಜೆ ಕದ್ರಿ ಗೋಪಾಲನಾಥ್ ಅವರ ಕಛೇರಿ ಕೇಳಿಸಿದೆ. ಕದ್ರಿಯವರು ಹುಡುಗರಾಗಿದ್ದಾಗ ಮೈಸೂರು ಅರಮನೆ ಬ್ಯಾಂಡ್‌ನಲ್ಲಿ ಈ ವಾದ್ಯ ಕೇಳಿಯೇ ಮನಸೋತದ್ದು ಅಂತ ಹೇಳಿದೆ. ನಮ್ಮವರು ಅಷ್ಟೂ ಕೇಳಿ, ತಮ್ಮ ವಾದ್ಯವನ್ನು ಬಟ್ಟೆಯಿಂದ ಒರೆಸಿ ಪೆಟ್ಟಿಗೆಯಲ್ಲಿಟ್ಟು, 'ನಾಳೆಯಿಂದ ಬೆಳಿಗ್ಗೆ ಎದ್ದು ಪ್ರಾಕ್ಟೀಸ್' ಅಂದರು. ಎದ್ದರು ಕೂಡ.

ಅಕ್ಟೋಬರ್ ಕೊನೆಗೆ ನಾವೆಲ್ಲ ಎರಡು ಗಂಟೆ ಡ್ರೈವ್ ಮಾಡಿ ಗೇನ್ಸ್‌ವಿಲ್‌ಗೆ ಹೋಗುತ್ತೇವೆ. 2002ರಿಂದ ಅಲ್ಲಿ ಫೆಸ್ಟ್ ಅಂತ ಪಂಕ್ ಜಾತ್ರೆ ನಡೆಯುತ್ತದೆ. ನೆರೆತ ಗಡ್ಡದವರು ಮಕ್ಕಳ ಕೈ ಹಿಡಿದು ಬಂದಿರುತ್ತಾರೆ. ಇದು ಬರೀ ಹಳೇ ನೆನಪಿನ ಜನ ಅಂತ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕ್ಯಾಟ್‌ಬೈಟ್, ಕಿಲ್ ಲಿಂಕನ್ ಅಂಥ ಬ್ಯಾಂಡ್‌ಗಳು ಹೊಸ ಹಾಡು ಕಟ್ಟುತ್ತಿವೆ. ಮುಂದೆ ನಿಂತು ಕುಣಿಯುವವರಲ್ಲಿ 1997ರಲ್ಲಿ ಹುಟ್ಟಿಯೇ ಇರದ ಮಕ್ಕಳೇ ಜಾಸ್ತಿ. ದೆಹಲಿಯಲ್ಲೂ ಸ್ಕಾ ವೆಂಜರ್ಸ್ ಅಂತ ಒಂದು ಬ್ಯಾಂಡ್ ಹುಟ್ಟಿದೆ ಅಂದರೆ ನೋಡಿ.

ನಮ್ಮ ಮೊದಲ ಕಾರ್ಯಕ್ರಮ ಮನೆ ಹತ್ತಿರದ ಒಂದು ಸಣ್ಣ ಬಿಯರ್ ಅಂಗಡಿಯಲ್ಲಿ. ಅರುವತ್ತು ಜನ ಇದ್ದಿರಬಹುದು. ವೇದಿಕೆ ಎಷ್ಟು ಕಿರಿದು ಅಂದರೆ ಸ್ಲೈಡ್ ಪೂರ್ತಿ ಚಾಚಿದರೆ ಹಾಡುವವರ ಬೆನ್ನಿಗೆ ತಾಗುತ್ತಿತ್ತು. ಟೇಪ್ ಅಂಟಿಸಿ ನಿಲ್ಲುವ ಜಾಗ ಗುರುತು ಮಾಡಿಕೊಂಡೆವು. ಸ್ಕಾ ನುಡಿಸುವವರು ಇದನ್ನು ಮರೆಯಬಾರದು, ಟ್ರಾಂಬೋನ್ ಯಾವಾಗಲೂ ಒಂದು ಕೊನೆಗೆ ನಿಲ್ಲಬೇಕು. ಎಂಟು ಹಾಡು ನುಡಿಸಿದೆವು. ಐದರ ಹೊತ್ತಿಗೆ ಅಂಗಿ ಒದ್ದೆ, ತುಟಿ ಮರಗಟ್ಟಿತ್ತು.

ಕೊನೆಯದು ಲೆಸ್ ದ್ಯಾನ್ ಜೇಕ್ ಹಾಡು, ಆ ಹಳೇ ಕಾರಿನ ಕ್ಯಾಸೆಟ್‌ನದ್ದು. ಶುರುವಿನ ಸಾಲು ಚೆನ್ನಾಗಿ ಬಂತು. ಎರಡನೇ ಸಲ ಬರುವಾಗ ನನ್ನ ಉಸಿರು ಖಾಲಿ. ಮೊದಲ ನಾಲ್ಕು ಸ್ವರ ಊದಿದೆ, ಐದನೆಯದಕ್ಕೆ ಬರೀ ಗಾಳಿ ಬಂತು. ಟ್ರಾಂಬೋನ್ ಇಳಿಸಿದೆ. ಸಾಲು ಮಾತ್ರ ನಿಲ್ಲಲಿಲ್ಲ. ಎದುರಿಗಿದ್ದ ಅಷ್ಟೂ ಜನ, ನೆರೆತ ಗಡ್ಡದವರು, ಚೌಕುಳಿ ಶೂ ಹಾಕಿದ್ದ ಒಬ್ಬ ಅಜ್ಜಿ, ಲೋಟ ತೊಳೆಯುತ್ತಿದ್ದ ಹುಡುಗ, ಎಲ್ಲರೂ ಬಾಯಲ್ಲೇ 'ಪಪ್ಪ ಪರಪ್ಪಾ' ಅಂತ ಹಾಡಿ ಅದನ್ನು ಮುಗಿಸಿದರು. ಒಂದು ಸ್ವರವೂ ತಪ್ಪಲಿಲ್ಲ.